ತೋಳನಾಯಿ ಸಾಕಬಹುದಾ? ಮರಿ ತರುವ ಮುಂಚೆ ಕಾನೂನು ನೋಡಿಕೊಳ್ಳುವ ಬಗೆ

ತೋಳ ಮತ್ತು ನಾಯಿ ಬೆರೆತು ಹುಟ್ಟಿದ ಮರಿಗಳ ವಿಡಿಯೋ ನೋಡಿ ಮನಸೋಲುವವರು ಜಾಸ್ತಿ. ಉದ್ದ ಕಾಲು, ಹಳದಿ ಕಣ್ಣು, ದಟ್ಟ ಕೂದಲು. ನೋಡಿದ ಮೇಲೆ ಏಳುವ ಪ್ರಶ್ನೆ ಒಂದೇ: ಇದನ್ನು ಸಾಕೋಕೆ ಕಾನೂನು ಬಿಡುತ್ತಾ?

ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಹೇಳುವ ಹಾಗಿಲ್ಲ. ಒಂದೇ ಪ್ರಾಣಿ ಒಂದು ಕಡೆ ಮಾಮೂಲಿ ನಾಯಿ, ಗಡಿ ದಾಟಿದರೆ ಪರವಾನಗಿ ಬೇಕಾದ ಕಾಡುಪ್ರಾಣಿ, ಮತ್ತೊಂದು ಕಡೆ ಜಪ್ತಿಯಾಗುವ ಮಾಲು. ಹಾಗಾಗಿ ಪ್ರಶ್ನೆಯನ್ನು ಸಣ್ಣ ಸಣ್ಣ ತುಂಡು ಮಾಡಿಕೊಂಡು, ಒಂದೊಂದಕ್ಕೂ ಬರಹದಲ್ಲಿ ಉತ್ತರ ಪಡೆಯುವುದೇ ದಾರಿ. ಅದಕ್ಕೂ ಮುಂಚೆ ನಾನು ನಂಬುವ ಒಂದು ಅಳತೆ ಹೇಳಿಬಿಡುತ್ತೇನೆ. ಈ ಪ್ರಾಣಿಯನ್ನು ಇಟ್ಟುಕೊಳ್ಳಲು ಎಲ್ಲಾದರೂ ಒಂದು ಫಾರಂನಲ್ಲಿ "ಹಸ್ಕಿ ಮಿಕ್ಸ್" (ಹಸ್ಕಿ ಅನ್ನುವ ನಾಯಿ ತಳಿಯ ಬೆರಕೆ) ಅಂತ ಸುಳ್ಳು ಬರೆಯಬೇಕಾಗಿ ಬಂದರೆ, ನಿಮ್ಮ ಜಾಗದಲ್ಲಿ ಅದು ನಿಮಗೆ ಸಲ್ಲುವ ಪ್ರಾಣಿಯಲ್ಲ. ಉಳಿದದ್ದೆಲ್ಲ ಇದರ ವಿವರಣೆ.

ಹಂತ 1: ಕಾಗದದ ಮೇಲೆ ಅದು ಯಾವ ಪ್ರಾಣಿ ಅಂತ ಗೊತ್ತುಮಾಡಿಕೊಳ್ಳಿ

ಮಾರುವವರು ಎರಡು ಲೆಕ್ಕ ಹೇಳುತ್ತಾರೆ. ಒಂದು ತಲೆಮಾರು, ಇನ್ನೊಂದು ಶೇಕಡಾ. ಇವೆರಡನ್ನೂ ಒಂದೇ ಅಂದುಕೊಂಡವರೇ ಕಾನೂನಿನ ಕೈಗೆ ಸಿಕ್ಕಿಬೀಳುವುದು.

ತಲೆಮಾರಿನ ಲೆಕ್ಕವನ್ನು ಎಫ್‌1, ಎಫ್‌2, ಎಫ್‌3 ಅಂತ ಬರೆಯುತ್ತಾರೆ. ಅಪ್ಪ ಅಮ್ಮನಲ್ಲಿ ಒಂದು ಅಪ್ಪಟ ತೋಳವಾದರೆ ಮರಿ ಎಫ್‌1. ಅಜ್ಜ ಅಜ್ಜಿಯರಲ್ಲಿ ಅಪ್ಪಟ ತೋಳವಿದ್ದರೆ ಎಫ್‌2. ಹೀಗೆ ಮುಂದಕ್ಕೆ. ಅಂದರೆ ಎಫ್ ಸಂಖ್ಯೆ ಹೇಳುವುದು ಅಪ್ಪಟ ತೋಳದಿಂದ ಎಷ್ಟು ತಲೆಮಾರು ದೂರ ಅನ್ನುವುದನ್ನು ಮಾತ್ರ. ಮೈಯಲ್ಲಿ ತೋಳದ ಪಾಲು ಎಷ್ಟಿದೆ ಅಂತ ಅದು ಹೇಳುವುದಿಲ್ಲ.

ಲೆಕ್ಕ ಹಾಕಿ ನೋಡಿ. ತೋಳಕ್ಕೂ ನಾಯಿಗೂ ಹುಟ್ಟಿದ ಎಫ್‌1 ಮರಿಯಲ್ಲಿ ತೋಳದ ಪಾಲು ಅರ್ಧ. ಅದನ್ನು ಮತ್ತೆ ನಾಯಿಗೆ ಕೂಡಿಸಿದರೆ ಎಫ್‌2ರಲ್ಲಿ ಸರಾಸರಿ ಶೇ. 25, ಇನ್ನೊಮ್ಮೆ ಕೂಡಿಸಿದರೆ ಎಫ್‌3ರಲ್ಲಿ ಶೇ. 12.5. ಇದು ಸುಲಭದ ದಾರಿ. ಆದರೆ ಶೇ. 90 ತೋಳವಿರುವ ಮಿಶ್ರತಳಿಯನ್ನು ಅಪ್ಪಟ ತೋಳಕ್ಕೆ ಕೂಡಿಸಿದರೆ ಹುಟ್ಟುವ ಮರಿಯೂ ಎಫ್‌1ನೇ, ಪಾಲು ಮಾತ್ರ ಶೇ. 95. ಅಂಥ ಎರಡು ಎಫ್‌1ಗಳನ್ನು ಕೂಡಿಸಿದರೆ ಎಫ್‌2. ಸಂಖ್ಯೆ ಒಂದು ಮೆಟ್ಟಿಲು ದೂರ ಹೋಯಿತು, ತೋಳದ ಪಾಲು ಇದ್ದಲ್ಲೇ ಇದೆ. "ಎಫ್‌2 ಸಾರ್, ಕಾನೂನಲ್ಲಿ ಏನೂ ತೊಂದರೆ ಇಲ್ಲ" ಅನ್ನುವ ಬ್ರೀಡರ್ ಸುಳ್ಳು ಹೇಳುತ್ತಿಲ್ಲದೇ ಇರಬಹುದು. ಆದರೆ ನಿಮ್ಮ ಊರಿನ ನಿಯಮ ಶೇಕಡಾ ನೋಡುವಂಥದ್ದಾದರೆ ಆ ಮಾತು ನಿಮ್ಮನ್ನು ಕಾಪಾಡುವುದಿಲ್ಲ.

ಶೇಕಡಾ ಲೆಕ್ಕವೂ ಕಲ್ಲಿನ ಮೇಲೆ ಕೊರೆದದ್ದಲ್ಲ. ಎರಡನೇ ತಲೆಮಾರಿನಿಂದ ಮುಂದೆ ಅದು ಸರಾಸರಿ ಅಷ್ಟೇ. ಒಂದೇ ಸೂಲಿನ ಒಂದು ಮರಿಗೆ ತೋಳದ ಅಂಶ ಜಾಸ್ತಿ ಬಂದಿರುತ್ತದೆ, ಪಕ್ಕದ ಮರಿಗೆ ಕಡಿಮೆ. ಜೊತೆಗೆ ಈ ವ್ಯಾಪಾರದಲ್ಲಿ ಉತ್ಪ್ರೇಕ್ಷೆ ವಿಪರೀತ. ಹಸ್ಕಿ, ಮಾಲಮ್ಯೂಟ್, ಜರ್ಮನ್ ಶೆಫರ್ಡ್ ಬೆರೆಸಿ ಹುಟ್ಟಿಸಿದ ಮರಿಯನ್ನೇ ತೋಳನಾಯಿ ಅಂತ ದುಬಾರಿ ಬೆಲೆಗೆ ಮಾರುವುದು ಮಾಮೂಲಿ. ಮರಿಯ ಕಣ್ಣು ತಿಳಿನೀಲಿ ಇದ್ದು, "ದೊಡ್ಡದಾದ ಮೇಲೂ ಹೀಗೇ ಇರುತ್ತೆ, ತೋಳದ ಗುರುತು ಅದು" ಅಂದರೆ ಅಲ್ಲೇ ಎದ್ದು ಬನ್ನಿ. ಬೆಳೆದ ತೋಳಕ್ಕೆ ನೀಲಿ ಕಣ್ಣು ಇರುವುದಿಲ್ಲ. ಆ ಬಣ್ಣ ಬಂದಿದ್ದು ನಾಯಿಯಿಂದ.

ಆದ್ದರಿಂದ ಕೇಳಬೇಕಾದ್ದು ಇಷ್ಟು. ಕನಿಷ್ಠ ನಾಲ್ಕು ತಲೆಮಾರಿನ ವಂಶಾವಳಿ ಬರಹದಲ್ಲಿ ಇರಬೇಕು. ನಾಲ್ಕೇ ಯಾಕೆ ಅನ್ನುವುದು ಗಡಿಯ ವಿಷಯ ಬಂದಾಗ ಗೊತ್ತಾಗುತ್ತದೆ. ಅಪ್ಪ ಅಮ್ಮನ ಮೈಕ್ರೋಚಿಪ್ ಸಂಖ್ಯೆ, ಮಾರುವವರ ಪರವಾನಗಿಯ ನಕಲು, ಸಾಧ್ಯವಾದರೆ ಡಿಎನ್‌ಎ ವರದಿ ಬೇಕು. ಡಿಎನ್‌ಎ ಪರೀಕ್ಷೆ ಇತ್ತೀಚಿನ ಕೆಲವು ತಲೆಮಾರಿನ ಬೆರಕೆಯನ್ನು ಹಿಡಿಯುತ್ತದೆ, ಹಳೆಯದು ತಪ್ಪಿಸಿಕೊಳ್ಳಬಹುದು. ವರದಿ ಒಳ್ಳೆಯ ಸಾಕ್ಷಿ, ಆದರೆ ಕೊನೆಯ ತೀರ್ಪು ಅಂತ ನೆಚ್ಚಿಕೊಳ್ಳಬೇಡಿ. ಎಷ್ಟೋ ಕಡೆ ಅಧಿಕಾರಿಗಳು ಪ್ರಾಣಿಯ ಮೈಕಟ್ಟು, ಕಾಲು, ಎದೆ, ಬಾಲ, ನಡಿಗೆ ನೋಡಿಯೇ ತೀರ್ಮಾನಿಸುತ್ತಾರೆ.

ಹಂತ 2: ದೇಶದ ಕಾನೂನು, ಆಮೇಲೆ ರಾಜ್ಯದ್ದು

ಕಾನೂನು ಮಾಡಿದವರು ಹಿಡಿದಿರುವ ದಾರಿಗಳು ಮುಖ್ಯವಾಗಿ ಮೂರು. ಪೂರ್ತಿ ನಿಷೇಧ, ಪರವಾನಗಿ, ಇಷ್ಟನೇ ತಲೆಮಾರಿನ ನಂತರ ನಾಯಿ ಅಂತ ಒಪ್ಪಿಕೊಳ್ಳುವುದು. ನಿಮ್ಮ ಜಾಗ ಇದರಲ್ಲಿ ಯಾವುದು ಅಂತ ಮೊದಲು ನೋಡಿ.

ಬ್ರಿಟನ್‌ನದು ತಲೆಮಾರು ಎಣಿಸುವ ದಾರಿ. ಅಲ್ಲಿ 1976ರ ಅಪಾಯಕಾರಿ ಕಾಡುಪ್ರಾಣಿ ಕಾಯ್ದೆ ಇದೆ. ತೋಳಕ್ಕೆ ಮತ್ತು ಎಫ್‌1, ಎಫ್‌2 ಮಿಶ್ರತಳಿಗೆ ಸ್ಥಳೀಯ ಆಡಳಿತದ ಪರವಾನಗಿ ಬೇಕು. ಎಫ್‌3ರಿಂದ ಮುಂದೆ ಅದು ನಾಯಿ.

ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ನಿಷೇಧ ಇಲ್ಲ. ಅಲ್ಲಿನ ಕೇಂದ್ರದ ಪ್ರಾಣಿ ಕಲ್ಯಾಣ ನಿಯಮಗಳು ಮಿಶ್ರತಳಿಯನ್ನು ನಾಯಿಯ ಪಟ್ಟಿಗೇ ಸೇರಿಸಿವೆ. ಇದನ್ನು ಓದಿ ಖುಷಿಪಟ್ಟವರು ರಾಜ್ಯದ ಕಾನೂನು ತೆರೆದಾಗ ಬೇರೆಯೇ ಲೋಕ. ಹವಾಯಿ, ಜಾರ್ಜಿಯಾದಲ್ಲಿ ಸಾಕುಪ್ರಾಣಿಯಾಗಿ ಇಟ್ಟುಕೊಳ್ಳುವ ಹಾಗಿಲ್ಲ. ಮಿಶಿಗನ್‌ನಲ್ಲಿ 2000ದಲ್ಲಿ ತೋಳ-ನಾಯಿ ಮಿಶ್ರತಳಿಗೆ ಅಂತಲೇ ಒಂದು ಕಾಯ್ದೆ ಬಂದು, ಹೊಸದಾಗಿ ಇಟ್ಟುಕೊಳ್ಳುವುದು ನಿಂತಿತು. ಅಲಾಸ್ಕ 2002ರಲ್ಲಿ ಬಾಗಿಲು ಹಾಕಿತು. ಅದಕ್ಕೂ ಮೊದಲೇ ಇದ್ದ ಪ್ರಾಣಿಗಳನ್ನು ಷರತ್ತಿನ ಮೇಲೆ ಇಟ್ಟುಕೊಳ್ಳಲು ಬಿಟ್ಟಿತು: ಸಂತಾನಹರಣ ಆಗಿರಬೇಕು, ಮೈಕ್ರೋಚಿಪ್ ಇರಬೇಕು, ನೋಂದಣಿ ಆಗಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಎಫ್‌1ಗೆ ಮಾತ್ರ ರಾಜ್ಯದ ಪರ್ಮಿಟ್ ಬೇಕು, ಎಫ್‌2ರಿಂದ ಆಚೆಗೆ ರಾಜ್ಯ ಕೇಳುವುದಿಲ್ಲ. ಮೇಲೆ ಹೇಳಿದ ಶೇ. 95ರ ಎಫ್‌2 ನೆನಪಿದೆಯಲ್ಲ? ಅದು ಇಂಥ ನಿಯಮದಲ್ಲಿ ಸಲೀಸಾಗಿ ನುಸುಳುತ್ತದೆ. ನನಗೆ ಕೇಳಿದರೆ ಇದು ಕಾನೂನಿನ ಜಾಣತನ ಅಲ್ಲ, ತೂತು. ಆ ತೂತಿನ ಮೇಲೆ ಹದಿನಾಲ್ಕು ಹದಿನೈದು ವರ್ಷದ ಜವಾಬ್ದಾರಿ ಕಟ್ಟಬೇಡಿ, ಯಾವತ್ತು ಬೇಕಾದರೂ ಅದನ್ನು ಮುಚ್ಚಬಹುದು.

ಐರೋಪ್ಯ ಒಕ್ಕೂಟದ ವನ್ಯಜೀವಿ ವ್ಯಾಪಾರ ನಿಯಮ ಹಿಂದಿನ ನಾಲ್ಕು ತಲೆಮಾರಿನೊಳಗೆ ತೋಳವಿದ್ದರೆ ಆ ಪ್ರಾಣಿಯನ್ನು ತೋಳದ ಹಾಗೇ ಕಾಣುತ್ತದೆ.

ಇಲ್ಲಿ ಒಂದು ಗೊಂದಲ ಹುಟ್ಟುತ್ತದೆ. ಚೆಕೊಸ್ಲೊವಾಕಿಯನ್ ವುಲ್ಫ್‌ಡಾಗ್ ಮತ್ತು ಸಾರ್ಲೋಸ್ ವುಲ್ಫ್‌ಡಾಗ್ ಅಂತ ಎರಡು ಮಾನ್ಯ ತಳಿಗಳಿವೆ. ಮೊದಲನೆಯದು 1955ರಲ್ಲಿ ಶುರುವಾದ ಒಂದು ಪ್ರಯೋಗದ ಫಲ. ಜರ್ಮನ್ ಶೆಫರ್ಡ್ ನಾಯಿಯನ್ನು ಕಾರ್ಪೇಥಿಯನ್ ತೋಳದ ಜೊತೆ ಕೂಡಿಸಿ ಬೆಳೆಸಿದ ತಳಿ. 1999ರಲ್ಲಿ ಅಂತರರಾಷ್ಟ್ರೀಯ ಶ್ವಾನ ಸಂಸ್ಥೆ ಎಫ್‌ಸಿಐ ಅದಕ್ಕೆ ಪೂರ್ಣ ಮಾನ್ಯತೆ ಕೊಟ್ಟಿತು. ಎರಡನೆಯದು ನೆದರ್‌ಲೆಂಡ್ಸ್‌ನದು. ಇವುಗಳ ವಂಶದಲ್ಲಿ ತೋಳ ಹಲವು ತಲೆಮಾರು ಹಿಂದೆ ಹೋಗಿದೆ, ಹಾಗಾಗಿ ಬಹಳ ದೇಶಗಳಲ್ಲಿ ಇವು ನಾಯಿಗಳೇ. ಆದರೆ "ಮಾನ್ಯ ತಳಿ" ಅನ್ನುವ ಮಾತು ಎಲ್ಲ ಕಡೆ ನಡೆಯುವುದಿಲ್ಲ. ನಾರ್ವೆಯ ಅಪಾಯಕಾರಿ ನಾಯಿಗಳ ಪಟ್ಟಿಯಲ್ಲಿ ಚೆಕೊಸ್ಲೊವಾಕಿಯನ್ ವುಲ್ಫ್‌ಡಾಗ್ ಹೆಸರು ಇದೆ, ಸಾಕುವ ಹಾಗಿಲ್ಲ. ಆಸ್ಟ್ರೇಲಿಯಾ ಇವೆರಡನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಜೊತೆಗೆ ಲೂಪೋ ಇಟಾಲಿಯಾನೊ, ಕುನ್‌ಮಿಂಗ್ ವುಲ್ಫ್‌ಡಾಗ್‌ಗಳಿಗೂ ಅಲ್ಲಿ ಬಾಗಿಲು ಬಂದ್.

ಭಾರತದಲ್ಲಿ ತೋಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅಂದರೆ ಅತಿ ಹೆಚ್ಚು ರಕ್ಷಣೆ. ಆ ಕಾಯ್ದೆಯಲ್ಲಿ ಹಿಡಿಯುವುದು ಕೂಡ ಬೇಟೆಯೇ. ಗುಹೆಯಿಂದ ಮರಿ ಎತ್ತಿಕೊಂಡು ಬಂದು ನಾಯಿ ಜೊತೆ ಬೆಳೆಸಿದೆ ಅಂದರೆ ಅದು ಜೈಲಿಗೆ ಹೋಗುವ ಅಪರಾಧ. ಇನ್ನು ನಾಯಿ ತಳಿಗಳ ವಿಷಯ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅಪಾಯಕಾರಿ ಅಂತ ಹೇಳಿ ಒಂದು ತಳಿಪಟ್ಟಿ ಮಾಡಿ, ಅವುಗಳ ಆಮದು, ಮಾರಾಟ, ಸಾಕಣೆಗೆ ಅನುಮತಿ ಕೊಡಬೇಡಿ ಅಂತ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಆ ಪಟ್ಟಿಯಲ್ಲಿ ವುಲ್ಫ್ ಡಾಗ್ ಕೂಡ ಇತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು, ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದು ಅನ್ನುವ ಕಾರಣಕ್ಕೆ. ಮಾರ್ಚ್‌ನ ಸುದ್ದಿ ಓದಿದವರು ನಿಷೇಧ ಅನ್ನುತ್ತಾರೆ, ಏಪ್ರಿಲ್‌ನ ಸುದ್ದಿ ಓದಿದವರು ಏನೂ ಇಲ್ಲ ಅನ್ನುತ್ತಾರೆ. ನೀವು ಓದುತ್ತಿರುವ ಪುಟದ ತಾರೀಖು ನೋಡಿ. ಅದು ಕಾಯ್ದೆಯಾ, ನಿಯಮವಾ, ಬರೀ ಸುತ್ತೋಲೆಯಾ ಅಂತಲೂ ನೋಡಿ.

ಹಂತ 3: ಊರಿನ ನಿಯಮ

ರಾಜ್ಯ ಸುಮ್ಮನಿದ್ದರೂ ಕೌಂಟಿ (ಜಿಲ್ಲೆಯಂಥ ಆಡಳಿತ), ನಗರಸಭೆ, ಪಂಚಾಯ್ತಿ ಸುಮ್ಮನಿರಬೇಕು ಅಂತೇನಿಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ರಾಜ್ಯವೇ ಸ್ಥಳೀಯ ಆಡಳಿತಕ್ಕೆ ಪರ್ಮಿಟ್ ನಿಯಮ ಮಾಡುವ ಅಧಿಕಾರ ಕೊಟ್ಟಿದೆ. ಆ ಕಾನೂನಿನಲ್ಲಿ ಮಿಶ್ರತಳಿ ಅಂದರೆ ಯಾವುದು ಅಂತ ಹೇಳಿರುವ ರೀತಿ ಮಜವಾಗಿದೆ. ಮಿಶ್ರತಳಿ ಅಂತ ಸಾಬೀತಾದದ್ದು ಮಾತ್ರವಲ್ಲ, ಯಾವಾಗಲಾದರೂ ಹಾಗೆ ಜಾಹೀರಾತು ಕೊಟ್ಟಿದ್ದರೆ, ನೋಂದಣಿ ಮಾಡಿಸಿದ್ದರೆ, ಅಥವಾ ಮಾಲೀಕರೇ ಪಶುವೈದ್ಯರ ಮುಂದೆ, ಪೊಲೀಸರ ಮುಂದೆ ಹಾಗೆ ಹೇಳಿಕೊಂಡಿದ್ದರೆ ಅದೂ ಮಿಶ್ರತಳಿಯೇ.

ಜಂಬಕ್ಕೆ "ನಮ್ಮದು ಅರ್ಧ ತೋಳ" ಅಂದವರ ಹಸ್ಕಿ ಕೂಡ ಈ ಬಲೆಗೆ ಬೀಳಬಹುದು. ಬರೀ ನಾಯಿಯನ್ನು ತೋಳ ಅಂತ ಮಾರುವವರ ಕೈಯಿಂದ ಕೊಂಡರೆ ಎರಡು ನಷ್ಟ: ದುಡ್ಡು ಹೋಯಿತು, ಇಲ್ಲದ ತೋಳಕ್ಕೆ ಕಾನೂನಿನ ಕಾಟವೂ ಬಂತು.

ಸ್ಥಳೀಯ ಕಚೇರಿಗೆ ಫೋನ್ ಮಾಡಿ ಕೇಳಿದರೆ ಸಾಲದು. ಕೌಂಟರಿನಲ್ಲಿ ಕೂತವರು "ನಾಯಿ ತಾನೇ, ಲೈಸೆನ್ಸ್ ಮಾಡಿಸಿ ಸಾಕು" ಅಂದುಬಿಡುತ್ತಾರೆ. ಅವರು ಕೇಳಿಸಿಕೊಂಡಿದ್ದು ನಾಯಿ ಅಂತ. ಪತ್ರ ಅಥವಾ ಇಮೇಲ್ ಬರೆಯಿರಿ. ತಲೆಮಾರು, ಅಂದಾಜು ಶೇಕಡಾ, ನಿಮ್ಮ ವಿಳಾಸ ಯಾವ ವಲಯದಲ್ಲಿದೆ, ಮೂರೂ ಅದರಲ್ಲಿರಲಿ. ಉತ್ತರದಲ್ಲಿ ನಿಯಮದ ಸಂಖ್ಯೆ ನಮೂದಿಸಲು ಕೇಳಿ. ಆ ಉತ್ತರವನ್ನು ಮುದ್ರಿಸಿ ಕಡತದಲ್ಲಿಡಿ.

ಹಂತ 4: ರೇಬೀಸ್ ಲಸಿಕೆಯ ಪ್ರಶ್ನೆ

ಇದನ್ನು ಬಹಳ ಜನ ಕೊನೆಗೆ ಕೇಳುತ್ತಾರೆ, ಕೆಲವರು ಕೇಳುವುದೇ ಇಲ್ಲ. ನನ್ನ ಪ್ರಕಾರ ಇಡೀ ವಿಷಯದ ಕೀಲಿ ಇಲ್ಲೇ ಇದೆ.

ಲಸಿಕೆಗೆ ಮಂಜೂರಾತಿ ಸಿಗುವುದು ಪ್ರಾಣಿ ಪ್ರಾಣಿಗೆ ಬೇರೆ ಬೇರೆಯಾಗಿ. ಅಮೆರಿಕದಲ್ಲಿ ನಾಯಿಗೆ, ಬೆಕ್ಕಿಗೆ, ಫೆರೆಟ್‌ಗೆ ಮಂಜೂರಾದ ರೇಬೀಸ್ ಚುಚ್ಚುಮದ್ದುಗಳಿವೆ. ತೋಳಕ್ಕಾಗಲಿ, ತೋಳ ಬೆರೆತ ನಾಯಿಗಾಗಲಿ ಮಂಜೂರಾದದ್ದು ಇಲ್ಲ. ಪಶುವೈದ್ಯರು ನಾಯಿಯ ಲಸಿಕೆಯನ್ನೇ ಕೊಡಬಹುದು, ಮೈಗೆ ಅದರಿಂದ ರಕ್ಷಣೆ ಸಿಗಲೂಬಹುದು. ಆದರೆ ಕಾನೂನಿನ ಕಣ್ಣಲ್ಲಿ ಆ ಪ್ರಾಣಿ "ಲಸಿಕೆ ಆಗಿದೆ" ಅನ್ನುವ ಪಟ್ಟಿಗೆ ಸೇರದೇ ಹೋಗಬಹುದು.

ಅದರ ಪರಿಣಾಮ ಗೊತ್ತಾಗುವುದು ಯಾರನ್ನಾದರೂ ಕಚ್ಚಿದ ದಿನ. ನಾಯಿ ಕಚ್ಚಿದರೆ 10 ದಿನ ಕಟ್ಟಿಹಾಕಿ ಗಮನಿಸುತ್ತಾರೆ. ಆರೋಗ್ಯವಾಗಿದ್ದರೆ ಬಿಡುತ್ತಾರೆ. ನಾಯಿಯ ಜೊಲ್ಲಿನಲ್ಲಿ ರೇಬೀಸ್ ವೈರಸ್ ಯಾವಾಗಿನಿಂದ ಇರುತ್ತದೆ ಅನ್ನುವುದು ಗೊತ್ತಿರುವುದರಿಂದ ಈ 10 ದಿನದ ಲೆಕ್ಕ. ಕಾಡುಪ್ರಾಣಿಯ ವಿಷಯದಲ್ಲಿ ಆ ಲೆಕ್ಕವನ್ನು ನಂಬುವುದಿಲ್ಲ. ಆಗ ಉಳಿಯುವ ದಾರಿ ಪ್ರಾಣಿಯನ್ನು ಕೊಂದು ಮೆದುಳನ್ನು ಪರೀಕ್ಷೆಗೆ ಕಳಿಸುವುದು. ಮಿಶ್ರತಳಿಯನ್ನು ಯಾವ ಕಡೆ ಸೇರಿಸುವುದು ಅನ್ನುವುದು ಆ ಜಾಗದ ಆರೋಗ್ಯ ಅಧಿಕಾರಿಯ ಕೈಯಲ್ಲಿರುತ್ತದೆ. ಮಕ್ಕಳ ಜೊತೆ ಆಡುವಾಗ ಹಲ್ಲು ತಾಗಿ ಗೀರು ಬಿದ್ದರೂ ಸಾಕು, ದೂರು ಹೋದರೆ ಇದೇ ದಾರಿ.

"ಹಸ್ಕಿ ಮಿಕ್ಸ್" ಅಂತ ಬರೆಸುವ ಆಸೆ ಹುಟ್ಟುವುದು ಇಲ್ಲೇ. ಲಸಿಕೆಯ ಕಾರ್ಡ್ ಸಿಗುತ್ತದೆ, ನಾಯಿಯ ಲೈಸೆನ್ಸ್ ಸಿಗುತ್ತದೆ, ಎಲ್ಲ ಸರಿಹೋದ ಹಾಗೆ ಕಾಣುತ್ತದೆ. ಆದರೆ ಅವತ್ತಿನಿಂದ ಬ್ರೀಡರ್ ಕೊಟ್ಟ ರಸೀದಿ, ನೀವೇ ಹಾಕಿದ ಫೋಟೋ, ನೆರೆಯವರಿಗೆ ಹೇಳಿದ ಮಾತು ಎಲ್ಲವೂ ನಿಮ್ಮ ವಿರುದ್ಧದ ಸಾಕ್ಷಿ. ಕಚ್ಚಿದ ಪ್ರಕರಣದಲ್ಲಿ ತನಿಖೆಗೆ ಬಂದವರು ಅದನ್ನೇ ಮೊದಲು ಹುಡುಕುತ್ತಾರೆ. ಆಮೇಲೆ ಪ್ರಾಣಿಯ ಜೊತೆ ನಿಮ್ಮ ಮಾತಿಗಿದ್ದ ಬೆಲೆಯೂ ಹೋಗುತ್ತದೆ.

ಹಾಗಾಗಿ ಮರಿ ತರುವ ಮುಂಚೆಯೇ ಪಶುವೈದ್ಯರನ್ನು ಹುಡುಕಿ. ನೇರವಾಗಿ ಮೂರು ವಿಷಯ ಕೇಳಿ. ಮಿಶ್ರತಳಿ ಅಂತ ಗೊತ್ತಿದ್ದೂ ನೋಡುತ್ತೀರಾ? ಲಸಿಕೆ ಕೊಟ್ಟರೆ ಪ್ರಮಾಣಪತ್ರದಲ್ಲಿ ಏನು ಬರೆಯುತ್ತೀರಿ? ಕಚ್ಚಿದರೆ ಇಲ್ಲಿ ಏನಾಗುತ್ತದೆ? ಎಷ್ಟೋ ಪಶುವೈದ್ಯರು ಮೊದಲ ಪ್ರಶ್ನೆಗೇ ಆಗಲ್ಲ ಅಂತಾರೆ. ಅದು ಮರಿ ಮನೆಗೆ ಬರುವ ಮುಂಚೆ ಗೊತ್ತಾದರೆ ಒಳ್ಳೆಯದು ಅಲ್ವಾ?

ಹಂತ 5: ಪರವಾನಗಿ ಬೇಕಾದರೆ ಬೇಲಿ ಮೊದಲು, ಮರಿ ಆಮೇಲೆ

ಪರವಾನಗಿ ಇರುವ ಕಡೆ ಸಾಮಾನ್ಯವಾಗಿ ಕೇಳುವುದು ಜಾಗದ ಪರಿಶೀಲನೆ, ಪಶುವೈದ್ಯರ ವರದಿ, ಮೂರನೆಯವರಿಗೆ ಆಗುವ ಹಾನಿಗೆ ವಿಮೆ. ಬ್ರಿಟನ್‌ನ ಕಾಯ್ದೆಯಲ್ಲಿ ಈ ಮೂರೂ ಇವೆ, ಪರಿಶೀಲನೆಯ ಖರ್ಚು ಅರ್ಜಿದಾರರದ್ದು.

ಬೇಲಿಯ ಅಳತೆ ನಿಯಮದಲ್ಲಿ ಬರೆದಿದ್ದರೆ ಅದನ್ನೇ ಹಿಡಿಯಿರಿ. ಬರೆದಿಲ್ಲದಿದ್ದರೆ 8 ಅಡಿ ಎತ್ತರ, ಮೇಲ್ತುದಿ ಒಳಕ್ಕೆ ಬಾಗಿದ್ದು, ನೆಲದೊಳಗೂ ಜಾಲರಿ, ಒಂದರ ಹಿಂದೆ ಒಂದು ಎರಡು ಗೇಟು. ಈ ಪ್ರಾಣಿಗಳು ಹತ್ತುತ್ತವೆ, ನೆಲ ತೋಡುತ್ತವೆ, ಚಿಲಕ ತೆಗೆಯುವುದನ್ನು ನೋಡಿ ಕಲಿಯುತ್ತವೆ. ಆರು ತಿಂಗಳ ಮರಿ ನೋಡಿ ಬೇಲಿ ಕಟ್ಟಬೇಡಿ. ತೋಳದ ಸ್ವಭಾವ ಪೂರ್ತಿ ಹೊರಗೆ ಬರುವುದು ಪ್ರಾಯಕ್ಕೆ ಬಂದಾಗ, ಹೆಚ್ಚುಕಡಿಮೆ ಎರಡು ವರ್ಷದ ಹೊತ್ತಿಗೆ.

ಹಂತ 6: ಬಾಡಿಗೆ ಕರಾರು, ವಿಮೆ

ಬಾಡಿಗೆ ಮನೆಯಾದರೆ ಕರಾರು ಓದಿ, ಮನೆ ಮಾಲೀಕರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. "ನಾಯಿ ಇಟ್ಟುಕೊಳ್ಳಬಹುದು" ಅನ್ನುವ ಸಾಲು ಸಾಲದು. ವಿಮೆ ಪಾಲಿಸಿಯಲ್ಲಿ ಕಾಡುಪ್ರಾಣಿ, ಮಿಶ್ರತಳಿಗೆ ರಕ್ಷಣೆ ಇಲ್ಲ ಅನ್ನುವ ಸಾಲು ಇದೆಯಾ ನೋಡಿ, ಬಹಳ ಕಡೆ ಇರುತ್ತದೆ. ಇದು ಯಾಕೆ ಮುಖ್ಯ ಅಂದರೆ, ಇಂಗ್ಲಿಷ್ ಕಾನೂನಿನ ಪರಂಪರೆಯ ದೇಶಗಳಲ್ಲಿ ಕಾಡುಪ್ರಾಣಿ ಹಾನಿ ಮಾಡಿದರೆ ಮಾಲೀಕರ ನಿರ್ಲಕ್ಷ್ಯ ಇತ್ತೋ ಇಲ್ಲವೋ ಅಂತ ಕೇಳುವುದೇ ಇಲ್ಲ. ಇಟ್ಟುಕೊಂಡಿದ್ದೇ ಹೊಣೆ. "ಗೇಟು ಹಾಕಿದ್ದೆ, ಯಾರೋ ತೆಗೆದರು" ಅನ್ನುವ ಮಾತು ಅಲ್ಲಿ ಅಷ್ಟಾಗಿ ನಡೆಯುವುದಿಲ್ಲ.

ಹಂತ 7: ಗಡಿ ದಾಟುವುದಾದರೆ

ದೇಶ ದೇಶಗಳ ನಡುವಿನ ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟೀಸ್ ಒಪ್ಪಂದದ ಪಟ್ಟಿಯಲ್ಲಿ ತೋಳ ಇದೆ. ಭಾರತ, ನೇಪಾಳ, ಭೂತಾನ್, ಪಾಕಿಸ್ತಾನದ ತೋಳಗಳು ಮೊದಲ ಅನುಬಂಧದಲ್ಲಿ, ಉಳಿದೆಡೆಯವು ಎರಡನೆಯದರಲ್ಲಿ. ಹಿಂದಿನ ನಾಲ್ಕು ತಲೆಮಾರಿನಲ್ಲಿ ತೋಳವಿದ್ದರೆ ಮಿಶ್ರತಳಿಗೂ ಅದೇ ಕಾಗದಪತ್ರ ಬೇಕು. ವಂಶಾವಳಿ ನಾಲ್ಕು ತಲೆಮಾರಿನದು ಇರಲಿ ಅಂದದ್ದು ಇದಕ್ಕೇ. ಸಾಕಿದ್ದು ಅನ್ನುವ ಕಾರಣಕ್ಕೆ ವಿನಾಯಿತಿ ತಾನಾಗಿ ಸಿಗುವುದಿಲ್ಲ.

ದೇಶದೊಳಗೆ ಮನೆ ಬದಲಿಸುವಾಗಲೂ, ಬರೀ ಪ್ರವಾಸ ಹೋಗುವಾಗಲೂ, ದಾರಿಯಲ್ಲಿ ಸಿಗುವ ಪ್ರತಿ ರಾಜ್ಯದ ನಿಯಮ ನೋಡಬೇಕು. ಒಂದು ರಾತ್ರಿ ತಂಗುವ ಜಾಗದಲ್ಲಿ ನಿಷೇಧ ಇದ್ದರೂ ಅದು ನಿಷೇಧವೇ. ಕೆಲಸಕ್ಕೆ ವರ್ಗಾವಣೆ ಆಗುವ ಸಂಭವ ಇದ್ದವರಿಗೆ ನಾನು ಈ ಪ್ರಾಣಿ ಬೇಡ ಅಂತಲೇ ಹೇಳುತ್ತೇನೆ.

ಈಗಾಗಲೇ ಮನೆಯಲ್ಲಿದ್ದರೆ

ಮರಿ ತಂದಾಯಿತು, ಆಮೇಲೆ ಕಾನೂನು ನೋಡಿದಿರಿ, ಎದೆ ಧಸಕ್ಕೆಂದಿತು. ಹೀಗಾದವರು ಬೇಕಾದಷ್ಟು ಜನ. ಮೊದಲು ಅಧಿಕಾರಿಗಳ ಹತ್ತಿರ ಹೋಗಬೇಡಿ, ವಕೀಲರ ಹತ್ತಿರ ಹೋಗಿ. ಪ್ರಾಣಿ ಕಾನೂನು ಗೊತ್ತಿರುವವರಾದರೆ ಒಳ್ಳೆಯದು. ನಿಷೇಧ ಬರುವ ಮುಂಚೆಯೇ ಇದ್ದ ಪ್ರಾಣಿಗೆ ರಿಯಾಯಿತಿ ಇದೆಯಾ, ತಡವಾಗಿ ನೋಂದಾಯಿಸಲು ಅವಕಾಶ ಇದೆಯಾ ಅಂತ ಅವರು ನೋಡಲಿ. ಅಷ್ಟರಲ್ಲಿ ಖರೀದಿ ರಸೀದಿ, ತಾರೀಖು ಇರುವ ಫೋಟೋ, ಚಿಕಿತ್ಸೆಯ ದಾಖಲೆ ಒಟ್ಟುಮಾಡಿ. ಇಂಥ ರಿಯಾಯಿತಿಗಳು ನಿಂತಿರುವುದೇ ತಾರೀಖಿನ ಮೇಲೆ. ಮರಿ ಹಾಕಿಸಬೇಡಿ, ಸಂತಾನಹರಣ ಮಾಡಿಸಿ.

ಇಟ್ಟುಕೊಳ್ಳಲು ದಾರಿಯೇ ಇಲ್ಲ ಅಂದಾದರೆ ಕಾನೂನುಬದ್ಧ ಆಶ್ರಯಧಾಮ ಹುಡುಕಬೇಕು. ಮೃಗಾಲಯಗಳು ಮಿಶ್ರತಳಿಯನ್ನು ತೆಗೆದುಕೊಳ್ಳುವುದು ಅಪರೂಪ, ಮಾಮೂಲಿ ನಾಯಿ ಆಶ್ರಯಗಳಲ್ಲಿ ಎಷ್ಟೋ ಕಡೆ ಇವನ್ನು ಬೇರೆಯವರಿಗೆ ಕೊಡುವ ಹಾಗಿಲ್ಲ. ಇವಕ್ಕೇ ಅಂತ ಇರುವ ಧಾಮಗಳಲ್ಲಿ ಜಾಗಕ್ಕೆ ಕಾಯಬೇಕಾಗುತ್ತದೆ. ಒಂದಕ್ಕೆ ಅರ್ಜಿ ಹಾಕಿ ಕೂರದೆ ಹಲವಕ್ಕೆ ಹಾಕಿ. ಸಾಗಿಸಲು ಬೇರೆ ಅನುಮತಿ ಬೇಕಾ ಅಂತ ಮೊದಲೇ ಕೇಳಿ.

ಕಾಡಿಗೆ ಬಿಡುವ ಯೋಚನೆ ಮಾತ್ರ ಬೇಡ. ಬಹಳ ಕಡೆ ಅದೇ ಒಂದು ಅಪರಾಧ. ಮನುಷ್ಯರ ಕೈಯಿಂದ ತಿಂದು ಬೆಳೆದ ಪ್ರಾಣಿಗೆ ಬೇಟೆ ಗೊತ್ತಿಲ್ಲ, ಮನುಷ್ಯರ ಹೆದರಿಕೆಯೂ ಇಲ್ಲ. ಅದು ಹೋಗುವುದು ಹತ್ತಿರದ ಊರಿನ ಕುರಿ ಕೊಟ್ಟಿಗೆಗೆ. ಬದುಕುಳಿದು ಕಾಡಿನ ತೋಳದ ಜೊತೆ ಕೂಡಿದರೆ ನಾಯಿಯ ರಕ್ತ ಅಲ್ಲಿನ ತೋಳಗಳಿಗೆ ಸೇರುತ್ತದೆ. ಧಾಮದಲ್ಲಿ ಜಾಗ ಸಿಗುವವರೆಗೆ ಬೇಲಿ ಗಟ್ಟಿ ಮಾಡಿ, ಹೊರಗಿನವರನ್ನು ಹತ್ತಿರ ಬಿಡಬೇಡಿ. ಯಾವ ಧಾಮಕ್ಕೆ ಯಾವತ್ತು ಬರೆದಿರಿ, ಏನು ಉತ್ತರ ಬಂತು ಅನ್ನುವುದನ್ನೂ ಅದೇ ಕಡತಕ್ಕೆ ಸೇರಿಸುತ್ತಾ ಹೋಗಿ. ಅಧಿಕಾರಿಗಳು ಬಂದು ಕೇಳಿದರೆ ವಕೀಲರ ಕೈಯಲ್ಲಿ ಮುಂದಿಡಲು ಅದು ಬೇಕಾಗುತ್ತದೆ.